ಗಾಯ ಮಾಯ್ದರೆ ಸಾಲದು, ಕೈ ಮರಳಬೇಕು

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಕೇಳದವರಿಲ್ಲ. ದುಡಿಯುವವನ ಕೈಗೆ ನಮ್ಮ ಭಾಷೆಯೇ ದೊಡ್ಡ ಗೌರವವನ್ನು ಸಲ್ಲಿಸಿದೆ. ಕಷ್ಟದಲ್ಲಿ ಕಾಪಾಡಿದವರನ್ನು ಕೈಹಿಡಿದವರು ಎನ್ನುತ್ತೇವೆ. ತೊರೆದು ಹೋದವರನ್ನು ಕೈಬಿಟ್ಟವರು ಎನ್ನುತ್ತೇವೆ. ನೆನೆದ ಕಾರ್ಯ ನೆರವೇರಿದರೆ ಕೈಗೂಡಿತು ಎನ್ನುತ್ತೇವೆ. ಆದರೆ ಆ ಕೈಯೇ ದುಡಿಮೆಯ ನಡುವೆ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋದಾಗ, ಆ ದುಡಿಮೆಗಾರನನ್ನು ನಾವು ಕೈಹಿಡಿಯುತ್ತೇವೆಯೋ, ಕೈಬಿಡುತ್ತೇವೆಯೋ? ಪ್ರಿಯ ವಾಚಕರೇ, ಈ ವಾರ ನಿಮ್ಮ ಮುಂದೆ ಇಡಬಯಸುವುದು ಈ ಪ್ರಶ್ನೆಯನ್ನು. ಇದರಲ್ಲಿ ನನ್ನದೇ ಒಂದು ತಪ್ಪಿನ ನಿವೇದನೆಯೂ ಇದೆ.

ಹೊಳಲಿನ ಆ ಮನೆ

ಮಂಡ್ಯ ನಗರಕ್ಕೆ ಸಮೀಪದ ಹೊಳಲು ಗ್ರಾಮದಲ್ಲಿ ನನಗೆ ಪರಿಚಿತವಾದ ಒಂದು ಕುಟುಂಬವಿದೆ. ಮನೆಯ ಯಜಮಾನರು ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸದಲ್ಲಿದ್ದವರು. ಕನ್ನಂಬಾಡಿಯ ನೀರು ನಾಲೆಯ ಮೂಲಕ ಹರಿದುಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಗೊಂಡಂದಿನಿಂದ ಈ ಸೀಮೆಯ ಬಾಳು ಕಬ್ಬಿನೊಡನೆ ಹೆಣೆದುಕೊಂಡಿದೆ. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಬಂದು ಬೆಲ್ಲವಾಗುತ್ತದೆ. ಆ ಬೆಲ್ಲದ ಸವಿಯನ್ನು ಬಲ್ಲ ನಾವು, ಗಾಣದ ಮುಂದೆ ನಿಂತವನ ಅಪಾಯವನ್ನು ಬಲ್ಲೆವೇ? ಮೋಟಾರಿನಿಂದ ತಿರುಗುವ ಕಬ್ಬಿಣದ ಉರುಳೆಗಳ ನಡುವೆ ಕಬ್ಬನ್ನು ಕೈಯಿಂದಲೇ ತಳ್ಳಬೇಕು. ಉರುಳೆಗೆ ಕಬ್ಬಿನ ಜಲ್ಲೆಗೂ ಮನುಷ್ಯನ ಬೆರಳಿಗೂ ಭೇದವಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮುಂಜಾವದಲ್ಲಿ, ಸಿಕ್ಕಿಕೊಂಡ ಜಲ್ಲೆಯನ್ನು ಬಿಡಿಸಲು ಹೋದ ಇವರ ಬಲಗೈ ಒಳಕ್ಕೆ ಸೆಳೆಯಲ್ಪಟ್ಟಿತು. ಜೊತೆಗಾರರು ಯಂತ್ರವನ್ನು ನಿಲ್ಲಿಸುವಷ್ಟರಲ್ಲಿ ಎರಡು ಬೆರಳುಗಳ ಎಲುಬು ಮುರಿದು, ಸ್ನಾಯುರಜ್ಜುಗಳು ತುಂಡಾಗಿದ್ದವು. ಶಸ್ತ್ರಚಿಕಿತ್ಸೆಯಾಯಿತು, ಬೆರಳುಗಳು ಉಳಿದವು. ಮನೆಗೆ ಬಂದ ಮೇಲೆ ನಾನು ಅವರನ್ನು ಕಾಣಲು ಹೋದೆ. ಬಲಗೈ ಬ್ಯಾಂಡೇಜಿನಲ್ಲಿದ್ದುದರಿಂದ ಪ್ರಾರ್ಥನೆಯ ವೇಳೆ ಅವರು ಸಂಕೋಚದಿಂದ ಎಡಗೈಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಆಶೀರ್ವದಿಸಿ, ಸಮಾಧಾನ ಹೇಳಿ, ಹೊರಡುವಾಗ ಒಂದು ಬುದ್ಧಿಮಾತನ್ನೂ ಹೇಳಿದೆ: ‘ಕೈಯನ್ನು ಅಲ್ಲಾಡಿಸಬೇಡಿ, ಪೂರ್ತಿ ವಿಶ್ರಾಂತಿ ಕೊಡಿ.’ ವ್ಯಾಯಾಮ ಚಿಕಿತ್ಸೆಗೆ ವಾರಕ್ಕೆ ಎರಡು ಸಲ ಬರಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಆದರೆ ಬಸ್ಸಿನ ಖರ್ಚು ಬೇರೆ, ಜೊತೆಗೆ ಹೋಗಬೇಕಾದ ಹೆಂಡತಿಯ ಕೂಲಿ ನಷ್ಟ ಬೇರೆ. ಅದರ ಮೇಲೆ ಗುರುಗಳೇ ವಿಶ್ರಾಂತಿ ಎಂದು ಹೇಳಿದ್ದಾರೆ! ಅವರು ಹೋಗಲಿಲ್ಲ.

ಎರಡು ತಿಂಗಳ ಬಳಿಕ ಅವರು ಬಲಿಪೂಜೆಗೆ ಬಂದಿದ್ದರು. ‘ಫಾದರ್, ಗಾಯ ಏನೋ ಮಾಯ್ದೋಯ್ತು. ಆದ್ರೆ ಬೆರಳು ಮಡಿಸಾಕೆ ಆಯ್ತಿಲ್ಲ’ ಎಂದು ಕೈಯನ್ನು ಮುಂದೆ ಹಿಡಿದರು. ಚರ್ಮ ಕೂಡಿಕೊಂಡಿತ್ತು, ಹೊಲಿಗೆಯ ಗುರುತೂ ಮಾಸುತ್ತಿತ್ತು. ಆದರೆ ಬೆರಳುಗಳು ಹಲಗೆಯಂತೆ ಸೆಟೆದಿದ್ದವು. ಅನ್ನ ಕಲಸಲಾಗದು, ಅಂಗಿಯ ಗುಂಡಿ ಹಾಕಲಾಗದು, ಕುಡುಗೋಲಿನ ಮಾತಂತೂ ದೂರವೇ ಉಳಿಯಿತು.

ಮರುವಾರ ಅವರನ್ನು ನಾನೇ ಕರೆದುಕೊಂಡು ಫಿಸಿಯೋಥೆರಪಿ ಮಾಡುವ ಓರ್ವ ತರುಣಿಯ ಬಳಿಗೆ ಹೋದೆ. ಆಕೆ ಎಲ್ಲವನ್ನೂ ಕೇಳಿ, ವಿನಯದಿಂದಲೇ ಅಂದರು: ‘ಫಾದರ್, ಪ್ರಾರ್ಥನೆ ಖಂಡಿತ ಮಾಡಿ. ಆದರೆ ಕೈ ಅಲ್ಲಾಡಿಸಬೇಡಿ ಅಂತ ಮಾತ್ರ ಇನ್ನು ಯಾರಿಗೂ ಹೇಳಬೇಡಿ. ಅದನ್ನು ಹೇಳುವುದು ನಮಗೆ ಬಿಡಿ.’ ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿದ ನಾನು ಆ ದಿನ ತಲೆ ತಗ್ಗಿಸಿ ಕೇಳಿದೆ. ಕೇಳಿ ತಿಳಿದುದನ್ನು, ಮುಂದೆ ಓದಿ ಖಚಿತಪಡಿಸಿಕೊಂಡುದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಒಳಗೆ ನಡೆಯುವುದೇನು?

ಒಂದು ಕೈಯಲ್ಲಿ, ಮಣಿಕಟ್ಟು ಸೇರಿ, 27 ಎಲುಬುಗಳಿವೆ. ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಇರುವುದು ಬೆರಳಿನಲ್ಲಲ್ಲ, ಮುಂಗೈಯಲ್ಲಿ. ಅಲ್ಲಿಂದ ಹೊರಟ ರಜ್ಜುಗಳು, ಬಾವಿಯ ಹಗ್ಗ ರಾಟೆಯ ಮೇಲೆ ಜಾರುವಂತೆ, ಕಿರಿದಾದ ಕೊಳವೆಗಳೊಳಗೆ ಜಾರುತ್ತ ಬೆರಳ ತುದಿಯವರೆಗೆ ಹೋಗುತ್ತವೆ. ಗಾಯವಾದಾಗ ಪ್ರಕೃತಿಯು ಎಲ್ಲವನ್ನೂ ಒಂದೇ ಅಂಟಿನಿಂದ ಕೂಡಿಸಲು ತೊಡಗುತ್ತದೆ. ಆ ಅಂಟು ಚರ್ಮವನ್ನು ಕೂಡಿಸುವಂತೆಯೇ ರಜ್ಜುವನ್ನು ಅದರ ಸುತ್ತಣ ಕೊಳವೆಗೂ ಬೆಸೆದುಬಿಡುತ್ತದೆ. ಬಾವು ಇಳಿಯದೆ ನಿಂತರೆ ಕೀಲುಗಳೂ ಬಿಗಿಯುತ್ತವೆ. ಹೊರಗಿನಿಂದ ನೋಡುವವನಿಗೆ ಗಾಯ ಮಾಯ್ದಿದೆ; ಒಳಗೆ ಮಾತ್ರ ಹಗ್ಗವು ರಾಟೆಗೆ ಅಂಟಿಕೊಂಡಿದೆ.

ಆದುದರಿಂದಲೇ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು ಬಾವನ್ನು ಇಳಿಸುವುದು, ಕೀಲುಗಳು ಕುಗ್ಗದ ಭಂಗಿಯಲ್ಲಿ ಕೈಯನ್ನು ಹಿಡಿದಿಡುವ ಸ್ಪ್ಲಿಂಟ್ ಕಟ್ಟುವುದು, ವೈದ್ಯರು ಹೇಳಿದ ದಿನದಿಂದ ಹೇಳಿದಷ್ಟೇ ಅಳತೆಯಲ್ಲಿ ಬೆರಳನ್ನು ಆಡಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆಗಳು. ಇಲ್ಲಿ ಎರಡು ಅಪಾಯಗಳಿವೆ. ಬೇಗ ಬಲ ಹಾಕಿದರೆ ಹೊಲಿದ ರಜ್ಜು ಮತ್ತೆ ಕಿತ್ತುಹೋಗಬಹುದು. ಆಡಿಸದೆ ಬಿಟ್ಟರೆ ಅಂಟಿಕೊಳ್ಳುವುದು. ಸಾಮಾನ್ಯವಾಗಿ ರಜ್ಜು ಹೊಲಿದ ಕೈಗೆ ಹಗುರ ಕೆಲಸಗಳಿಗೆ ಸುಮಾರು 6 ವಾರ, ಭಾರದ ಕೆಲಸಕ್ಕೆ ಸುಮಾರು 12 ವಾರ ಕಾಯಬೇಕಾಗುತ್ತದೆ. ಇದನ್ನು ಅಳೆಯಬೇಕಾದವರು ಬಲ್ಲವರು. ನೆರೆಹೊರೆಯವರೂ ಅಲ್ಲ, ಗುರುಗಳೂ ಅಲ್ಲ.

ನರ ತುಂಡಾಗಿದ್ದರೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಹೊಲಿದ ನರವು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಅಂದರೆ ಮಣಿಕಟ್ಟಿನಲ್ಲಿ ತುಂಡಾದ ನರವು ಬೆರಳ ತುದಿಯನ್ನು ಮುಟ್ಟಲು ತಿಂಗಳುಗಳೇ ಬೇಕು. ಆಗಲೂ ಸ್ಪರ್ಶವು ಮೊದಲಿನಂತೆ ಬರುವುದಿಲ್ಲ. ಮಗುವು ಅಕ್ಷರ ಕಲಿಯುವಂತೆ ಕೈಯು ಮತ್ತೆ ಕಲಿಯಬೇಕು. ಕಣ್ಣು ಮುಚ್ಚಿ ಹತ್ತಿಯನ್ನು, ಬಟ್ಟೆಯನ್ನು, ಗೋಣಿತಾಟನ್ನು ಮುಟ್ಟಿ ಗುರುತಿಸಬೇಕು. ಮುಟ್ಟಿದರೆ ಸಿಡಿಯುವ ಕೈಯನ್ನು ಮೊದಲು ಮೃದುವಾದುದಕ್ಕೆ, ಬಳಿಕ ಒರಟಾದುದಕ್ಕೆ ಪಳಗಿಸಬೇಕು.

ಹೊಳಲಿನ ಆ ಮನೆಯಲ್ಲಿ ಇದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಾಗಲಿಲ್ಲ. ಒಂದು ಬೋಸಿಯ ತುಂಬ ರಾಗಿ ಸಾಕಾಯಿತು. ಮುಂಜಾನೆ ಮತ್ತು ಸಂಜೆ ರಾಗಿಯೊಳಗೆ ಕೈಯಿಟ್ಟು ಬೆರಳುಗಳನ್ನು ಬಿಡಿಸಿ ಮಡಿಸುವುದು. ಅದರಲ್ಲಿ ಹುದುಗಿಸಿದ ಹುಣಸೆ ಬೀಜವನ್ನು ಕಣ್ಣು ಮುಚ್ಚಿ ಹುಡುಕುವುದು. ಶಕ್ತಿ ಬಂದಂತೆ ಕಲಸಿದ ತಣ್ಣನೆಯ ಹಿಟ್ಟನ್ನು ಹಿಸುಕುವುದು. ಸ್ಪರ್ಶಜ್ಞಾನ ಮರಳುವ ತನಕ ಬಿಸಿ ಮುದ್ದೆಯ ಹತ್ತಿರ ಆ ಕೈ ಹೋಗಬಾರದೆಂದು ಆಕೆ ಕಟ್ಟಪ್ಪಣೆ ಮಾಡಿದ್ದರು. ಸುಟ್ಟರೂ ಅರಿವಾಗದ ಕೈಗೆ ಅದು ಅಪಾಯ. ಶಾಲೆಗೆ ಹೋಗುವ ಮಗಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೆರೆ ಎಳೆದು ಲೆಕ್ಕವಿಟ್ಟಳು. ನೋವಿನಿಂದ ಅಪ್ಪ ಕಣ್ಣೀರು ಹಾಕಿದ ದಿನವೂ ಗೆರೆ ತಪ್ಪಲಿಲ್ಲ.

ಕಲ್ಲುಕೆಲಸದವನ ಬತ್ತಿದ ಕೈ

ಕೈಯನ್ನು ಎಲ್ಲ ಉಪಕರಣಗಳಿಗೂ ಮೂಲವಾದ ಉಪಕರಣವೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಕಂಡಿದ್ದನು. ಅವನಿಗಿಂತ ಹಿಂದಿನ ಅನಾಕ್ಸಾಗೊರಸ್, ಕೈಗಳಿರುವುದರಿಂದಲೇ ಮನುಷ್ಯನು ಬುದ್ಧಿವಂತನಾದನು ಎಂದನು. ಬುದ್ಧಿವಂತನಾದುದರಿಂದಲೇ ಅವನಿಗೆ ಕೈಗಳು ದೊರೆತವು ಎಂದು ಅರಿಸ್ಟಾಟಲ್ ಮಾರುತ್ತರ ಕೊಟ್ಟನು. ಸಂತ ಥಾಮಸ್ ಅಕ್ವಿನಾಸರು ಈ ವಿಚಾರವನ್ನು ಮುಂದುವರಿಸಿ, ಪ್ರಾಣಿಗಳಿಗೆ ಕೊಂಬು, ಉಗುರುಗಳು ದೊರೆತಂತೆ ಮನುಷ್ಯನಿಗೆ ಬುದ್ಧಿಯೂ ಕೈಗಳೂ ದೊರೆತಿವೆ ಎಂದು ವಿವರಿಸಿದರು. ಗುರುಮಠದಲ್ಲಿ ಇದನ್ನು ಓದಿ ಪರೀಕ್ಷೆ ಬರೆದಿದ್ದೆ. ಅದರ ಅರ್ಥ ತಿಳಿದುದು ಹೊಳಲಿನಲ್ಲಿ, ಅಂಗಿಯ ಗುಂಡಿಯೊಡನೆ ಹೋರಾಡುತ್ತಿದ್ದ ಆ ಬೆರಳುಗಳನ್ನು ಕಂಡಾಗ. ಕೈ ಕೆಟ್ಟರೆ ಕೆಡುವುದು ಒಂದು ಅಂಗ ಮಾತ್ರವಲ್ಲ. ಲೋಕವನ್ನು ತನ್ನದಾಗಿ ಮಾಡಿಕೊಳ್ಳುವ ಮನುಷ್ಯನ ದಾರಿಯೇ ಕಡಿದುಹೋಗುತ್ತದೆ.

ಕೈ ಬತ್ತಿದ್ದವನನ್ನು ಪ್ರಭು ಯೇಸು ಸಬ್ಬತ್ ದಿನ ಗುಣಪಡಿಸಿದ ಪ್ರಸಂಗ ಮತ್ತಾಯ, ಮಾರ್ಕ, ಲೂಕ ಮೂವರ ಶುಭಸಂದೇಶಗಳಲ್ಲೂ ಇದೆ. ಅದು ಬಲಗೈ ಎಂದು ಸ್ಪಷ್ಟಪಡಿಸಿದವರು ಸಂತ ಲೂಕರು. ಆತನು ಕಲ್ಲುಕೆಲಸದವನು, ಕೈದುಡಿಮೆಯಿಂದ ಬದುಕುತ್ತಿದ್ದವನು, ಭಿಕ್ಷೆ ಬೇಡುವ ನಾಚಿಕೆಯಿಂದ ತನ್ನನ್ನು ಪಾರುಮಾಡೆಂದು ಪ್ರಭುವನ್ನು ಬೇಡಿದನು ಎಂಬ ಪುರಾತನ ಪಾಠವೊಂದನ್ನು ಸಂತ ಜೆರೋಮರು ತಮ್ಮ ಮತ್ತಾಯ ವ್ಯಾಖ್ಯಾನದಲ್ಲಿ ನಮೂದಿಸಿದ್ದಾರೆ. ಗಮನಿಸಿರಿ, ಪ್ರಭು ಆ ಕೈಯನ್ನು ಮುಟ್ಟಿದರೆಂದು ಶುಭಸಂದೇಶ ಹೇಳುವುದಿಲ್ಲ. ಅದನ್ನು ಚಾಚುವಂತೆ ಅವನಿಗೇ ಅಪ್ಪಣೆ ಮಾಡಿದರು. ಯಾವುದನ್ನು ಮಾಡಲಾರೆನೆಂದು ಅವನು ಕೊರಗುತ್ತಿದ್ದನೋ ಅದನ್ನೇ ಮಾಡೆಂದರು. ಕೃಪೆಯು ಮನುಷ್ಯನ ಶ್ರಮವನ್ನು ಅಳಿಸಿಹಾಕುವುದಿಲ್ಲ, ಎಬ್ಬಿಸುತ್ತದೆ. ಪ್ರಭು ಅವನನ್ನು ಮೊದಲು ಎಲ್ಲರ ನಡುವೆ ನಿಲ್ಲಿಸಿದರು ಎಂಬುದನ್ನೂ ಮರೆಯಬಾರದು. ಸಮುದಾಯದ ಕಣ್ಣ ಮುಂದೆ ಅವನು ಕೈ ಚಾಚಿದನು; ಮೂಲೆಯಲ್ಲಿ ಅಡಗಿ ಅಲ್ಲ.

ವೆಲ್ಲೂರಿನಿಂದ ಒಂದು ಪಾಠ

ಈ ಸತ್ಯವನ್ನು ನಮ್ಮ ನೆರೆಯ ನಾಡಿನಲ್ಲಿ ಬಾಳಿ ತೋರಿಸಿದವರು ಡಾ. ಪಾಲ್ ಬ್ರಾಂಡ್. ತಮಿಳುನಾಡಿನ ಕೊಲ್ಲಿಮಲೆಯ ಮಿಷನರಿ ಕುಟುಂಬದಲ್ಲಿ 1914ರಲ್ಲಿ ಜನಿಸಿದ ಅವರು, ವೈದ್ಯರಾಗುವ ಮೊದಲು ಇಂಗ್ಲೆಂಡಿನಲ್ಲಿ ಮರಗೆಲಸ, ಗಾರೆಕೆಲಸಗಳನ್ನು ಕಲಿತವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗ ಚಿಕಿತ್ಸಾಲಯದಲ್ಲಿ, ಬೆರಳುಗಳು ಮುರುಟಿದ್ದ ಒಬ್ಬ ರೋಗಿಯ ಕೈಕುಲುಕಿದಾಗ ಆ ಹಿಡಿತದ ಬಲಕ್ಕೆ ಅವರ ಕೈಯೇ ನೊಂದಿತು. ಕೈ ಸತ್ತಿಲ್ಲ, ಅದರಲ್ಲಿ ಬಲವುಳ್ಳ ಸ್ನಾಯುಗಳು ಉಳಿದಿವೆ ಎಂಬುದು ಅವರಿಗೆ ಆ ಕ್ಷಣ ಹೊಳೆಯಿತು. ಮುಂದೆ, ಉಳಿದ ಸ್ನಾಯುವಿನ ರಜ್ಜುವನ್ನು ಬೇರೆಡೆಗೆ ಜೋಡಿಸಿ ಮುರುಟಿದ ಬೆರಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಆ ರೋಗಿಗಳಿಗಾಗಿ ಬೆಳೆಸಿದರು. ಬೆರಳುಗಳನ್ನು ತಿನ್ನುವುದು ರೋಗವಲ್ಲ, ನೋವನ್ನರಿಯದ ಕೈಗೆ ದುಡಿಮೆಯಲ್ಲಿ ಆಗುವ ಗಾಯಗಳೇ ಎಂಬುದನ್ನೂ ಅವರು ಕಂಡುಕೊಂಡರು.

ಆದರೆ ಶಸ್ತ್ರಚಿಕಿತ್ಸೆ ಅರ್ಧ ದಾರಿ ಮಾತ್ರ. ಸ್ಥಳ ಬದಲಿಸಿದ ಸ್ನಾಯುವಿಗೆ ಹೊಸ ಕೆಲಸವನ್ನು ರೋಗಿಯೇ ಕಲಿಸಬೇಕು. ಅದಕ್ಕೆ ವಾರಗಟ್ಟಲೆ ಅಭ್ಯಾಸ ಬೇಕು. ಅದಾದ ಮೇಲೂ ಇನ್ನೊಂದು ಅಡ್ಡಿ ಎದುರಾಯಿತು. ಕೈ ಸರಿಹೋದವರು ಮರಳಿ ಬಂದು, ಈ ಕೈಯನ್ನು ನೋಡಿ ಯಾರೂ ಭಿಕ್ಷೆ ಹಾಕುವುದಿಲ್ಲ, ಕುಷ್ಠರೋಗಿಯೆಂದು ಯಾರೂ ಕೆಲಸವನ್ನೂ ಕೊಡುವುದಿಲ್ಲ ಎಂದು ಅಳಲು ತೋಡಿಕೊಂಡರು. ಆಗ ಬ್ರಾಂಡ್ ಅವರು ಮಣ್ಣಿನ ಗುಡಿಸಲುಗಳ ನವಜೀವನ ಕೇಂದ್ರವೊಂದನ್ನು ಕಟ್ಟಿ ಮರಗೆಲಸವನ್ನು ಕಲಿಸಿದರು. ಬಡಗಿಯ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು. ಅದೇ ಸಂಸ್ಥೆಯ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರೂ, ಗಾಲಿಕುರ್ಚಿಯಲ್ಲಿ ಕುಳಿತೇ ಇಂತಹ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾದುದು ಅವರ ಶ್ರಮದಿಂದ. ಶಸ್ತ್ರಚಿಕಿತ್ಸೆ, ಅಭ್ಯಾಸ, ಕೆಲಸ: ಈ ಮೂರೂ ಕೂಡಿದಾಗಲೇ ಚಿಕಿತ್ಸೆ ಪೂರ್ಣವಾಗುತ್ತದೆ.

ಬೆರಳಿನ ಬೆಲೆ

ನಮ್ಮ ದೇಶದಲ್ಲಿ 1923ರಲ್ಲಿ ಬಂದ ಕಾರ್ಮಿಕ ಪರಿಹಾರ ಕಾಯಿದೆಯು ಒಂದೊಂದು ಬೆರಳಿಗೂ ಲೆಕ್ಕ ಕಟ್ಟಿತ್ತು. ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೋ ಕಿರುಬೆರಳಿಗೋ 7. ಆ ಕಾಯಿದೆಯ ಸ್ಥಾನದಲ್ಲಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಸಲ್ಲಬೇಕೆಂಬ ತತ್ತ್ವ ಉಳಿದಿದೆ. ಈ ಲೆಕ್ಕ ಅವಶ್ಯವಾದುದೇ. ತಮ್ಮ ಪ್ರಕರಣಕ್ಕೆ ಏನು ಸಲ್ಲುತ್ತದೆ ಎಂಬುದನ್ನು ತಿಳಿಯಲು ಬಡವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ನೆರವನ್ನು ಕೇಳಬಹುದು. ಕೇಳಲು ಸಂಕೋಚ ಬೇಡ. ಆಸ್ಪತ್ರೆಯ ಚೀಟಿ, ಎಕ್ಸ್-ರೇಗಳನ್ನು ಜೋಪಾನ ಮಾಡಿರಿ.

ಆದರೆ ಮನುಷ್ಯನ ಬೆಲೆ ಅವನ ಬೆರಳುಗಳ ಶೇಕಡಾವಾರು ಮೊತ್ತವಲ್ಲ. ಯೌವನದಲ್ಲಿ ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ದುಡಿದಿದ್ದ ಜಗದ್ಗುರು ಎರಡನೇ ಜಾನ್ ಪಾಲರು 1981ರಲ್ಲಿ ಮಾನವ ದುಡಿಮೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನ ಸಲುವಾಗಿಯೇ ಹೊರತು ಮನುಷ್ಯನು ದುಡಿಮೆಯ ಸಲುವಾಗಿ ಅಲ್ಲವೆಂದು ಬೋಧಿಸಿದರು. ಅಂಗವಿಕಲರಿಗೂ ಅವರ ಶಕ್ತಿಗೆ ತಕ್ಕ ಕೆಲಸ ದೊರೆಯಬೇಕೆಂಬುದನ್ನು ಅದೇ ಪತ್ರದಲ್ಲಿ ಎತ್ತಿ ಹೇಳಿದರು. ಹೊಳಲಿನಲ್ಲಿ ಆಲೆಮನೆಯ ಮಾಲೀಕರು ಆಸ್ಪತ್ರೆಯ ಮೊದಲ ಖರ್ಚನ್ನು ಕೊಟ್ಟರು; ಅದಕ್ಕಾಗಿ ಕೃತಜ್ಞತೆ ಸಲ್ಲಬೇಕು. ಆದರೆ ಆ ಮನೆಗೆ ನಿಜವಾಗಿ ಬೇಕಾಗಿದ್ದುದು ಕಾಲ. ಕೂಲಿಯಿಲ್ಲದ ಆರು ತಿಂಗಳನ್ನು ದಾಟಿಸುವ ಸೇತುವೆ. ಅದನ್ನು ಕಟ್ಟಿದವರು ನೆರೆಯವರು: ಒಬ್ಬರು ಅಕ್ಕಿ ಕೊಟ್ಟರು, ಒಬ್ಬರು ಬಸ್ಸಿನ ಖರ್ಚು ನೋಡಿಕೊಂಡರು, ಇನ್ನೊಬ್ಬರು ಹೆಂಡತಿ ಕೂಲಿಗೆ ಹೋದ ದಿನ ಜೊತೆಗೆ ಆಸ್ಪತ್ರೆಗೆ ಹೋದರು. ಅವರಲ್ಲಿ ನಮ್ಮವರೂ ಇದ್ದರು, ಅನ್ಯಧರ್ಮೀಯರೂ ಇದ್ದರು.

ನಮ್ಮ ಕುಟುಂಬಗಳಿಗೆ ಕೆಲವು ಮಾತುಗಳು

ಕೈಗೆ ಪೆಟ್ಟಾದ ಕೂಡಲೇ ಉಂಗುರ, ಬಳೆ, ದಾರಗಳನ್ನು ತೆಗೆಯಿರಿ. ಬಾವು ಬಂದ ಮೇಲೆ ಅವು ಬರುವುದಿಲ್ಲ. ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು, ಕೈಯನ್ನು ಮೇಲಕ್ಕೆತ್ತಿ ಆಸ್ಪತ್ರೆಗೆ ಧಾವಿಸಿರಿ. ಕಾಫಿಪುಡಿ, ಸುಣ್ಣ, ಸಗಣಿ ಯಾವುದನ್ನೂ ಮೆತ್ತಬೇಡಿರಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಒಯ್ಯಿರಿ. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಗಲಬಾರದು.

ಆಸ್ಪತ್ರೆಯಿಂದ ಹೊರಡುವಾಗ ಮೂರು ಪ್ರಶ್ನೆ ಕೇಳದೆ ಬರಬೇಡಿರಿ: ಯಾವ ಬೆರಳನ್ನು ಯಾವ ದಿನದಿಂದ ಆಡಿಸಬೇಕು? ಸ್ಪ್ಲಿಂಟನ್ನು ಎಷ್ಟು ಹೊತ್ತು ಕಟ್ಟಿರಬೇಕು? ವ್ಯಾಯಾಮ ಚಿಕಿತ್ಸೆಗೆ ಎಲ್ಲಿಗೆ, ಎಂದು ಬರಬೇಕು? ಮಂಡ್ಯದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅಂಗ ಪುನಶ್ಚೇತನದ ವಿಭಾಗವೇ ಇದೆ. ಆಲೆಮನೆ ನಡೆಸುವವರಲ್ಲಿ ಒಂದು ಬಿನ್ನಹ: ಕಬ್ಬು ಕೊಡುವ ಬಾಯಿಗೆ ಕೈ ಎಟುಕದಷ್ಟು ಉದ್ದದ ತಟ್ಟೆ ಹಾಕಿಸಿರಿ, ನಿಲ್ಲಿಸುವ ಗುಂಡಿ ಕೆಲಸಗಾರನ ಕೈಗೆಟುಕುವಂತಿರಲಿ, ಸಿಕ್ಕಿಕೊಂಡ ಜಲ್ಲೆಯನ್ನು ಯಂತ್ರ ನಿಲ್ಲಿಸದೆ ಯಾರೂ ಬಿಡಿಸದಿರಲಿ.

ಹೊಳಲಿನ ಆ ಸಹೋದರರ ಎರಡು ಬೆರಳುಗಳು ಇಂದಿಗೂ ಪೂರ್ತಿ ಮಡಿಸುವುದಿಲ್ಲ. ಆರಂಭದ ಆ ಎರಡು ತಿಂಗಳು ಕೈತಪ್ಪದಿದ್ದರೆ ಇನ್ನಷ್ಟು ಮಡಿಸುತ್ತಿದ್ದವೋ ಏನೋ. ಆ ಭಾರ ನನ್ನ ಮೇಲಿದೆ. ಅವರು ಗಾಣದ ಮುಂದೆ ಮತ್ತೆ ನಿಲ್ಲಲಿಲ್ಲ. ಈಗ ಅದೇ ಆಲೆಮನೆಯಲ್ಲಿ ಬೆಲ್ಲವನ್ನು ತೂಗಿ ಲೆಕ್ಕ ಬರೆಯುತ್ತಾರೆ. ಪೆನ್ನನ್ನು ಹಿಡಿಯುವುದು ಆ ಬಲಗೈಯಲ್ಲಿಯೇ. ಕಳೆದ ಕ್ರಿಸ್ಮಸ್ಸಿಗೆ ಮುಂಚೆ ಅವರ ಮನೆಗೆ ಹೋಗಿದ್ದಾಗ ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಗಳು ಹಾಗೆಯೇ ಇದ್ದವು. ಸುಣ್ಣ ಬಳಿಯುವಾಗ ಆ ಭಾಗವನ್ನು ಬಿಡಿಸಿದ್ದಾರಂತೆ. ಪ್ರಾರ್ಥನೆಗೆ ನಿಂತಾಗ ಅವರು ಬಲಗೈಯಿಂದ ಶಿಲುಬೆಯ ಗುರುತು ಮಾಡಿಕೊಂಡರು.

ನಿಮ್ಮ ಬೀದಿಯಲ್ಲಿಯೂ ಕೈಗೆ ಪೆಟ್ಟುಬಿದ್ದು ಮನೆಯಲ್ಲಿ ಕುಳಿತ ಒಬ್ಬ ಅಣ್ಣನೋ ಅಕ್ಕನೋ ಇರಬಹುದು. ಅವರನ್ನು ಕಾಣಲು ಹೋಗಿರಿ, ಪ್ರಾರ್ಥಿಸಿರಿ. ಬಳಿಕ ಮುಂದಿನ ಚಿಕಿತ್ಸೆಯ ದಿನ ಯಾವುದೆಂದು ಕೇಳಿ ತಿಳಿದು, ಆ ದಿನ ಅವರ ಜೊತೆಗೆ ಬಸ್ಸು ಹತ್ತಿರಿ.